ಇಳಿಜಾರಲ್ಲಿ ಲಾಂಗ್‌ಬೋರ್ಡ್ ಅಲ್ಲಾಡುತ್ತದೆ, ಸ್ಲೈಡ್ ಆಗುವುದಿಲ್ಲ: ಯಾವ ಭಾಗ ಬದಲಿಸುವುದು?

ಪಡುಗಾಳಿ:
ಈಗಿರುವ ಲಾಂಗ್‌ಬೋರ್ಡ್ (ಉದ್ದದ ಸ್ಕೇಟ್‌ಬೋರ್ಡ್) ಹೀಗುಂಟು: 37 ಇಂಚಿನ ಮೇಪಲ್ ಡೆಕ್ (ನಿಲ್ಲುವ ಹಲಗೆ), ಟಾಪ್‌ಮೌಂಟ್ (ಟ್ರಕ್ಕಿನ ಮೇಲೆಯೇ ಡೆಕ್ ಕೂರುವಂತದ್ದು), ಅಗಲ ಒಂಬತ್ತೂವರೆ ಇಂಚು, ವ್ಹೀಲ್‌ಬೇಸ್ (ಎರಡು ಟ್ರಕ್ಕಿನ ನಡುವಿನ ಅಂತರ) 25 ಇಂಚು. ಟ್ರಕ್ (ಗಾಲಿ ಹಿಡಿದಿಡುವ ಲೋಹದ ಭಾಗ) ರಿವರ್ಸ್ ಕಿಂಗ್‌ಪಿನ್‌ನದ್ದು, ಕಿಂಗ್‌ಪಿನ್ ಅಂದರೆ ಅದರ ನಡುವಿನ ದಪ್ಪ ಬೋಲ್ಟ್; ಹ್ಯಾಂಗರ್ (ಆಕ್ಸಲ್ ಇರುವ ತುಂಡು) 180 ಎಂಎಂ, ಬೇಸ್‌ಪ್ಲೇಟ್ (ಡೆಕ್ಕಿಗೆ ಬಿಗಿಯುವ ತುಂಡು) 50 ಡಿಗ್ರಿ. ಗಾಲಿ 76 ಎಂಎಂ, ಗಟ್ಟಿತನ 78ಎ (ನಂಬರ್ ಹೆಚ್ಚಿದಷ್ಟು ಗಟ್ಟಿ), ಅಂಚು ಚೂಪು. ರೈಸರ್ (ಡೆಕ್ಕಿಗೂ ಟ್ರಕ್ಕಿಗೂ ನಡುವೆ ಎತ್ತರಕ್ಕೆ ಇಡುವ ಬಿಲ್ಲೆ) ಇಲ್ಲ. ನನ್ನ ತೂಕ 72 ಕೆಜಿ. ದಿನಾ ಓಡಾಟ ಮಂಗಳೂರಿನ ಮಣ್ಣಗುಡ್ಡ, ಲಾಲ್‌ಬಾಗ್ ಕಡೆಯ ಕಾಂಕ್ರೀಟು ರಸ್ತೆಯಲ್ಲಿ. ರಜೆಯಲ್ಲಿ ಮಣಿಪಾಲದ ಕಡೆ ಡಾಂಬರಿನ ಇಳಿಜಾರಲ್ಲಿ ಫ್ರೀರೈಡ್, ಅಂದರೆ ಸ್ಲೈಡ್ ಹಾಕುತ್ತಾ ಇಳಿಯುವುದು, ಕಲಿಯಬೇಕು ಅಂತ.

ತೊಂದರೆ ಎಂತದ್ದೆಂದರೆ, ಗಂಟೆಗೆ 30 ಕಿ.ಮೀ. ದಾಟಿತೋ ಹಿಂಭಾಗ ಅಲ್ಲಾಡಲು ಶುರು. ಸ್ಲೈಡ್ ಹಾಕಲು (ಬೋರ್ಡ್ ಅಡ್ಡ ತಿರುಗಿಸಿ ಗಾಲಿ ಜಾರಿಸಿ ವೇಗ ಇಳಿಸಲು) ಹೋದರೆ ಗಾಲಿ ಜಾರುವುದೇ ಇಲ್ಲ. ಜಾರಿದರೂ ಅರ್ಧದಲ್ಲಿ ಗಕ್ಕನೆ ಹಿಡಿದು ಆಚೆ ಎಸೆಯುತ್ತದೆ. ಜೋರು ವಾಲಿದರೆ ಗಾಲಿ ಡೆಕ್ಕಿಗೆ ಉಜ್ಜುತ್ತದೆ. ಮಳೆ ಕಳೆದ ಮೇಲೆ ಒಂದು ಗಾಲಿ ಕಿರ್ ಅನ್ನುತ್ತದೆ. 150ರ ಟ್ರಕ್ ತಗೊಂಡರೆ ಸರಿಯಾದೀತಾ? ಅಥವಾ ಡೆಕ್ಕೇ ಬದಲಿಸುವುದಾ?

ಬುಶಿಂಗ್ ಭಟ್ರು:
ಟ್ರಕ್ಕಿಗೆ ದುಡ್ಡು ಹಾಕಬೇಡಿ ಮಾರಾಯ್ರೆ. 180ರ ಹ್ಯಾಂಗರಿಗೆ ಆಕ್ಸಲ್ ಸೇರಿ ಸುಮಾರು 10 ಇಂಚು, 150ಕ್ಕೆ ಸುಮಾರು 9. ನಿಮ್ಮ ಡೆಕ್ಕಿನ ಅಗಲಕ್ಕೆ ಇರುವುದೇ ಸರಿ. ಡೆಕ್ಕೂ ಗಟ್ಟಿ, ಫ್ರೀರೈಡಿಗೆ ಬೇಕಾದ್ದೂ ಅದೇ. ಬಗ್ಗುವ ಬಿದಿರಿನ ಡೆಕ್ ಆಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಮೊದಲು ಇಷ್ಟು ನೋಡಿ ಹೇಳಿ: ಬುಶಿಂಗಿನ (ಕಿಂಗ್‌ಪಿನ್ ಸುತ್ತ ಇರುವ ರಬ್ಬರಿನಂತಹ ತುಂಡು) ಆಕಾರ ಎಂತ, ವಾಷರ್ ಚಪ್ಪಟೆಯಾ ಬಟ್ಟಲಿನಂತದ್ದಾ, ಕಿಂಗ್‌ಪಿನ್ ನಟ್ಟು ವಾಷರಿಗೆ ತಾಗಿದ ಮೇಲೆ ಎಷ್ಟು ಸುತ್ತು ಬಿಗಿ ಮಾಡಿದ್ದೀರಿ?

ಪಡುಗಾಳಿ:
ಡೆಕ್ಕಿನ ಬದಿ ಬ್ಯಾರಲ್ (ಉರುಳೆಯಂತದ್ದು), ರಸ್ತೆ ಬದಿ ಕೋನ್ (ಒಂದು ತುದಿ ಸಪೂರ ಇರುವಂತದ್ದು). ಗಟ್ಟಿತನದ ನಂಬರ್ ಯಾವುದರಲ್ಲೂ ಇಲ್ಲ. ವಾಷರ್ ಬಟ್ಟಲಿನಂತದ್ದು. ಅಲ್ಲಾಡುವುದು ನಿಲ್ಲಲಿ ಅಂತ ಮೂರು ಸುತ್ತು ಬಿಗಿ ಮಾಡಿದ್ದು. ಈಗ ಬ್ಯಾರಲ್ ನಡುವೆ ಉಬ್ಬಿಕೊಂಡಿದೆ.

ಬುಶಿಂಗ್ ಭಟ್ರು:
ರೋಗ ಅಲ್ಲೇ ಉಂಟು. ನಟ್ಟು ತಾಗಿದ ಮೇಲೆ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಅದಕ್ಕಿಂತ ಬಿಗಿ ಬೇಕಾಯಿತು ಅಂದರೆ ಬುಶಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು ಅಂತಲೇ ಲೆಕ್ಕ. ಹಿಂಡಿದ ಬುಶಿಂಗಿಗೆ ನಡುವಿಗೆ ಮರಳುವ ಶಕ್ತಿ ಹೋಗುತ್ತದೆ. ಸ್ವಲ್ಪ ವಾಲುವವರೆಗೆ ಕಲ್ಲಿನ ಹಾಗೆ, ಆಮೇಲೆ ಒಮ್ಮೆಲೇ ಬಿದ್ದ ಹಾಗೆ. ಅಲ್ಲಾಟ ಹುಟ್ಟುವುದು ಅಲ್ಲಿಂದ.

72 ಕೆಜಿಗೆ, 180ರ 50 ಡಿಗ್ರಿ ಟ್ರಕ್ಕಿಗೆ ಹೀಗೆ ಹಾಕಿ. ಹಿಂದೆ ಎರಡೂ ಬ್ಯಾರಲ್, 90ಎ. ಮುಂದೆ ಡೆಕ್ಕಿನ ಬದಿ 90ಎ ಬ್ಯಾರಲ್, ರಸ್ತೆ ಬದಿ 87ಎ ಬ್ಯಾರಲ್. ಡೆಕ್ಕಿನ ಬದಿಯ ಬುಶಿಂಗಿಗೆ ಭಾರ ಹೆಚ್ಚು, ಹಾಗಾಗಿ ಮೆತ್ತಗಿನದ್ದನ್ನು ಅಲ್ಲಿ ಹಾಕಬೇಡಿ. ಹಿಂದಿನ ಟ್ರಕ್ ಒಂದು ಕೂದಲಷ್ಟು ಬಿಗಿ ಇದ್ದರೆ ಬೋರ್ಡ್ ಮುಂದಿನಿಂದ ತಿರುಗುತ್ತದೆ, ಹಿಂದಿನದು ಸುಮ್ಮನೆ ಹಿಂಬಾಲಿಸುತ್ತದೆ. ವಾಷರ್ ಚಪ್ಪಟೆಯದ್ದು, ಬುಶಿಂಗಿನಷ್ಟೇ ಅಗಲದ್ದು. ಓಡಾಟಕ್ಕೆ ತಿರುವು ಕಮ್ಮಿ ಅನ್ನಿಸಿದರೆ ಮುಂದೆ ರಸ್ತೆ ಬದಿಗೆ ಮಾತ್ರ 87ಎ ಕೋನ್ ಹಾಕಿ ನೋಡಬಹುದು, ಹಿಂದಿನದನ್ನು ಮುಟ್ಟಬೇಡಿ.

ಇನ್ನೊಂದು, ವೇಗದಲ್ಲಿ ಹೆದರಿ ಹಿಂಗಾಲಿಗೆ ಭಾರ ಹಾಕಿದರೆ ಯಾವ ಬುಶಿಂಗ್ ಹಾಕಿಯೂ ಪ್ರಯೋಜನ ಇಲ್ಲ. ಮೂರರಲ್ಲಿ ಎರಡು ಪಾಲು ಭಾರ ಮುಂಗಾಲಿನ ಮೇಲೆ ಇರಲಿ.

ಸರ್ಫ್‌ಬೈಲು:
ಮೂಲ್ಕಿಯಲ್ಲಿ ಸರ್ಫ್ ಮಾಡುವ ಹುಡುಗರ ಹತ್ತಿರ ಇರುವ ಸರ್ಫ್‌ಸ್ಕೇಟ್ ಟ್ರಕ್ (ಸರ್ಫಿಂಗಿನ ಹಾಗೆ ಜೋರು ತಿರುಗುವಂತದ್ದು) ಮುಂದೆ ಹಾಕಿದರೆ ಓಡಾಟಕ್ಕೆ ಭಾರೀ ಲಾಯ್ಕ್ ಅಲ್ವಾ?

ಬುಶಿಂಗ್ ಭಟ್ರು:
ಸಪಾಟು ನೆಲದಲ್ಲಿ ಲಾಯ್ಕ್. ಇಳಿಜಾರಿಗೆ ಬೇಡವೇ ಬೇಡ, ಆ ಮುಂಭಾಗ ವೇಗದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ.

ಘಾಟಿಗಾಲಿ:
ಸ್ಲೈಡ್ ವಿಷಯ ನಾನು ಹೇಳುತ್ತೇನೆ. ಚೂಪು ಅಂಚಿನ 76 ಎಂಎಂ ಗಾಲಿ ಹಿಡಿತಕ್ಕೆ ಅಂತಲೇ ಮಾಡಿದ್ದು. ಅಂಚು ಡಾಂಬರಿಗೆ ಕಚ್ಚುತ್ತದೆ, ನೀವು ಜೋರು ದೂಡುತ್ತೀರಿ, ಒಮ್ಮೆಲೇ ಬಿಡುತ್ತದೆ, ವೇಗ ಇಳಿದ ಕೂಡಲೇ ಮತ್ತೆ ಕಚ್ಚುತ್ತದೆ. ಎಸೆಯುವುದು ಆಗ. ಫ್ರೀರೈಡಿಗೆ ತಗೊಳ್ಳಬೇಕಾದ್ದು 70 ಎಂಎಂ, 80ಎ, ಅಂಚು ಉರುಟು, ನೆಲಕ್ಕೆ ತಾಗುವ ಪಟ್ಟಿ 40 ಎಂಎಂ ಆಸುಪಾಸು, ಮೇಲ್ಮೈ ಮೊದಲೇ ಉಜ್ಜಿದ್ದು. ಹೊಳೆಯುವ ಚರ್ಮ ಇರುವ ಹೊಸ ಗಾಲಿ ಆ ಚರ್ಮ ಸವೆಯುವವರೆಗೆ ಒಮ್ಮೆ ಜಾರಿ ಒಮ್ಮೆ ಹಿಡಿದು ಸತಾಯಿಸುತ್ತದೆ. ಬೇರಿಂಗ್ ಕೂರುವ ಜಾಗ ಗಾಲಿಯ ಸರಿ ನಡುವೆ ಇದ್ದರೆ ಇನ್ನೂ ಒಳ್ಳೆಯದು: ಒಂದು ಬದಿ ಸವೆದಾಗ ತಿರುಗಿಸಿ ಹಾಕಬಹುದು. ಪ್ರತಿ ಸಲ ಇಳಿದಾದ ಮೇಲೆ ಮುಂದಿನ ಎಡದ್ದನ್ನು ಹಿಂದಿನ ಬಲಕ್ಕೆ, ಹಾಗೆ ಕರ್ಣವಾಗಿ ಬದಲಿಸಿ.

ಹಳೆಯ 76ನ್ನು ಬಿಸಾಡಬೇಡಿ. ಕಾಂಕ್ರೀಟಿನ ಜಾಯಿಂಟುಗಳ ಮೇಲೆ, ಹೊಂಡದ ಅಂಚಲ್ಲಿ ಅದರಷ್ಟು ಸುಖ 70 ಕೊಡುವುದಿಲ್ಲ. ಎರಡು ಸೆಟ್ ಗಾಲಿ, ಎರಡಕ್ಕೂ ಅದರದ್ದೇ ಬೇರಿಂಗ್. ಬದಲಿಸಲು ಹತ್ತು ನಿಮಿಷ ಸಾಕು.

ಗಾಲಿ ಡೆಕ್ಕಿಗೆ ಉಜ್ಜುವುದಕ್ಕೆ 6 ಎಂಎಂ ರೈಸರ್, ಅಂದರೆ ಕಾಲು ಇಂಚಿನದ್ದು. ಅದಕ್ಕೆ ಒಂದೂವರೆ ಇಂಚಿನ ಬೋಲ್ಟ್ ಬೇಕು, ಒಂದೂಕಾಲು ಸಾಲುವುದಿಲ್ಲ, ನಟ್ಟಿನ ನೈಲಾನ್ ವರೆಗೆ ಎಳೆ ತಲುಪುವುದಿಲ್ಲ. ಹಾಕಿದ ಮೇಲೆ ಗಾಲಿಯ ನೆತ್ತಿಗೆ ಸೀಮೆಸುಣ್ಣ ಬಳಿದು, ಬೋರ್ಡ್ ಮೇಲೆ ನಿಂತು ಎರಡೂ ಬದಿಗೆ ಪೂರ್ತಿ ವಾಲಿ. ಡೆಕ್ಕಿನ ಅಡಿಯಲ್ಲಿ ಬಿಳಿ ಗೆರೆ ಕಂಡರೆ ಇನ್ನೂ ತಾಗುತ್ತದೆ ಅಂತ. ಹೊಸ ಬುಶಿಂಗ್ ಬಂದ ಮೇಲೆಯೇ ಈ ಪರೀಕ್ಷೆ ಮಾಡಿ, ಈಗ ಮಾಡಿದರೆ ಲೆಕ್ಕ ತಪ್ಪುತ್ತದೆ.

ಕಲ್ಲುಗುಡ್ಡೆ:
80ಎ ಯಾಕೆ? 84, 86 ತಗೊಂಡರೆ ಇನ್ನೂ ಸಲೀಸು ಜಾರುವುದಿಲ್ವಾ?

ಘಾಟಿಗಾಲಿ:
ಜಾರುತ್ತದೆ, ಆದರೆ ನಿಲ್ಲಲು ಆಗಬೇಕಲ್ಲ. ಗಟ್ಟಿ ಗಾಲಿ ಜಾರುವಾಗ ವೇಗ ಇಳಿಸುವುದು ಕಮ್ಮಿ, ಕಲಿಯುವವರಿಗೆ ಬೇಕಾದ್ದು ಬ್ರೇಕು. ಮತ್ತೆ ನಮ್ಮ ಕಡೆ ರಸ್ತೆ ಬದಿಯಲ್ಲಿ ಯಾವಾಗಲೂ ಕೆಂಪುಕಲ್ಲಿನ ಹುಡಿ. ಹುಡಿಯ ಮೇಲೆ ಗಟ್ಟಿ ಗಾಲಿ ಹಿಡಿತವೇ ಇಲ್ಲದೆ ಹೋಗುತ್ತದೆ, ಹುಡಿ ಮುಗಿದಲ್ಲಿ ಗಕ್ಕನೆ ಹಿಡಿಯುತ್ತದೆ. ಪಡುಗಾಳಿಯವರೇ, ನಿಮ್ಮನ್ನು ಎಸೆದದ್ದರಲ್ಲಿ ಇದರ ಪಾಲೂ ಇರಬಹುದು. ಇಳಿಯುವ ಮೊದಲು ನಡೆದು ಹೋಗಿ ನೋಡಿ, ಹಿಡಿಸೂಡಿ ಇದ್ದರೆ ಗುಡಿಸಿ. ಬಸ್ಸು ಓಡುವ ರಸ್ತೆ ಬೇಡ. ಮನೆ ಏಳದ ಲೇಔಟಿನ ರಸ್ತೆ, ಬೆಳಿಗ್ಗೆ ಬೇಗ.

ಹೆಲ್ಮೆಟ್ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಸ್ಲೈಡ್ ಗ್ಲೌಸಿನ ಪಕ್ (ಕೈ ನೆಲಕ್ಕೆ ಊರುವಾಗ ಜಾರಲು ಅಂಗೈಯಲ್ಲಿರುವ ಪ್ಲಾಸ್ಟಿಕ್ ಬಿಲ್ಲೆ) ಸವೆದರೆ ಅಡುಗೆಮನೆಯ ದಪ್ಪ ಪ್ಲಾಸ್ಟಿಕ್ ಮಣೆಯನ್ನು ಉರುಟು ಕತ್ತರಿಸಿ, ಅಂಚು ಉಜ್ಜಿ, ವೆಲ್ಕ್ರೋ ಅಂಟಿಸಿದರೆ ನಡೆಯುತ್ತದೆ.

ಉಪ್ಪುಗಾಳಿ:
ಕಿರ್ ಶಬ್ದಕ್ಕೆ: ಬೋರ್ಡ್ ಮಗುಚಿ ಗಾಲಿ ಬೆರಳಲ್ಲಿ ತಿರುಗಿಸಿ. ಸುಮ್ಮನೆ ತಿರುಗಿದರೂ ಶಬ್ದ ಬಂದರೆ ಬೇರಿಂಗಿನ ಗ್ರೀಸ್ ತೊಳೆದುಹೋಗಿದೆ. ವಾಲಿದಾಗ ಮಾತ್ರ ಬಂದರೆ ಗಾಲಿಯ ಎರಡೂ ಬದಿಯ ಸಣ್ಣ ವಾಷರಿನಲ್ಲಿ ಒಂದು ಬಿದ್ದುಹೋಗಿದೆ, ನಟ್ಟೋ ಹ್ಯಾಂಗರೋ ಬೇರಿಂಗಿನ ಮುಚ್ಚಳಕ್ಕೆ ಉಜ್ಜುತ್ತಿದೆ.

ಬೇರಿಂಗಿನ ಅಳತೆ 608: ಒಳಗೆ 8 ಎಂಎಂ, ಹೊರಗೆ 22, ದಪ್ಪ 7. ಬೇರಿಂಗ್ ಅಂಗಡಿಯಲ್ಲಿ ಎರಡೂ ಬದಿ ರಬ್ಬರ್ ಸೀಲಿನ 608 ಕೇಳಿ. ಎಬಿಇಸಿ ನಂಬರ್ ನೋಡಿ ಮರುಳಾಗಬೇಡಿ, ಅದು ತಯಾರಿಕೆಯ ಅಳತೆಯ ನಿಖರತೆ ಮಾತ್ರ. ಸ್ಲೈಡಿನಲ್ಲಿ ಅಡ್ಡ ಬೀಳುವ ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡು ಬೇರಿಂಗಿನ ನಡುವೆ 10 ಎಂಎಂ ಸ್ಪೇಸರ್ (ಸಣ್ಣ ಲೋಹದ ಕೊಳವೆ) ಹಾಕಿ, ಇಲ್ಲದಿದ್ದರೆ ನಟ್ಟು ಬಿಗಿದಂತೆ ಬೇರಿಂಗ್ ಓರೆಯಾಗುತ್ತದೆ.

ಹಳೆಯದನ್ನು ಉಳಿಸುವುದಾದರೆ ಸೀಲ್ ಪಿನ್ನಿನಿಂದ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ. ತೆಂಗಿನೆಣ್ಣೆ ಹಾಕುವವರಿದ್ದಾರೆ, ಅದು ಅಂಟಾಗುತ್ತದೆ. ಪಣಂಬೂರು, ಮಲ್ಪೆ ಕಡೆ ಓಡಿಸಿ ಬಂದರೆ ಒಣ ಬಟ್ಟೆಯಲ್ಲಿ ಟ್ರಕ್ ಒರೆಸಿ ಇಡಿ. ಕಿಂಗ್‌ಪಿನ್ ತುಕ್ಕು ಹಿಡಿಯಿತು ಅಂತ ಸಾದಾ ಸ್ಟೇನ್‌ಲೆಸ್ ಬೋಲ್ಟ್ ಹಾಕಬೇಡಿ, ಅದರ ಬಲ ಸಾಲದು. ಗ್ರೇಡ್ 8ರದ್ದೇ (ಹೆಚ್ಚು ಬಲದ ಉಕ್ಕಿನ ಬೋಲ್ಟ್) ಬೇಕು.

ಪಡುಗಾಳಿ:
ಕಿರ್ ಅನ್ನುವ ಗಾಲಿಯಲ್ಲಿ ಒಳಬದಿಯ ವಾಷರ್ ಇಲ್ಲ, ಸಿಕ್ಕಿತು. ಬುಶಿಂಗ್, 70ರ ಗಾಲಿ, ರೈಸರ್, ಬೋಲ್ಟ್, ಬೇರಿಂಗ್ ಪಟ್ಟಿ ಮಾಡಿದೆ. ಬೈಕಿನ ಸ್ಪ್ಯಾನರ್ ಸೆಟ್ಟೇ ಸಾಕಾ?

ಬುಶಿಂಗ್ ಭಟ್ರು:
ಆಕ್ಸಲ್ ನಟ್ಟು ಅರ್ಧ ಇಂಚು, 13ರ ಸ್ಪ್ಯಾನರ್ ನಡೆಯುತ್ತದೆ. ಡೆಕ್ಕಿನ ಬೋಲ್ಟಿನ ನಟ್ಟಿಗೆ 10ರದ್ದು ಸ್ವಲ್ಪ ಸಡಿಲ, ಆದರೂ ಆದೀತು. ಕಿಂಗ್‌ಪಿನ್ ನಟ್ಟು ಮಾತ್ರ ಒಂಬತ್ತು-ಹದಿನಾರಾಂಶ ಇಂಚು, 14.3 ಎಂಎಂ ಲೆಕ್ಕ. 14 ಒಳಗೆ ಹೋಗುವುದಿಲ್ಲ, 15 ಮೂಲೆ ತಿನ್ನುತ್ತದೆ. ಸ್ಕೇಟ್ ಟೂಲ್ ಒಂದನ್ನು ಅದೇ ಆರ್ಡರಿಗೆ ಸೇರಿಸಿ. ಬುಶಿಂಗ್ ಬಂದ ಕೂಡಲೇ ಹಾಕಿ, ಗಾಲಿಗೆ ಕಾಯಬೇಡಿ.