ಹಳೇ ಗಾಡಿಯ ಡ್ರಮ್ ಬ್ರೇಕ್: ಮೇಸ್ತ್ರಿಗೆ ಕೇಳಿ

ಅಡ್ಮಿನ್: ಇವತ್ತು ರಾತ್ರಿ ಎಂಟರಿಂದ ಮೇಸ್ತ್ರಿಯವರು ಗುಂಪಿನಲ್ಲಿರುತ್ತಾರೆ. ವಿಷಯ ಡ್ರಮ್ ಬ್ರೇಕ್ ಅಡ್ಜಸ್ಟ್‌ಮೆಂಟ್. ಗಾಡಿ ಯಾವುದು, ಯಾವ ವರ್ಷದ್ದು, ಏನು ತೊಂದರೆ, ಮೂರನ್ನೂ ಬರೆಯಿರಿ. ದೇವರ ಫೋಟೋ, ಫಾರ್ವರ್ಡ್ ಬೇಡ.

ಪದ್ಮಿನಿ ಹಾಸನ: ನಮಸ್ಕಾರ ಮೇಸ್ತ್ರಿಯವರೇ. 1978ರ ಪದ್ಮಿನಿ. ಪೆಡಲ್ ತುಂಬಾ ಕೆಳಗೆ ಹೋದ ಮೇಲೆ ಬ್ರೇಕ್ ಹಿಡಿಯುತ್ತದೆ. ಎರಡನೇ ಸಲ ತುಳಿದರೆ ಮೇಲೆಯೇ ಸಿಗುತ್ತದೆ. ಎಲ್ಲಿ ಟೈಟ್ ಮಾಡಬೇಕು?

ಮೇಸ್ತ್ರಿ: ನಮಸ್ಕಾರ. ಎರಡನೇ ಸಲಕ್ಕೆ ಮೇಲೆ ಸಿಕ್ಕರೆ ಶೂ, ಅಂದರೆ ಡ್ರಮ್ ಒಳಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನು, ಡ್ರಮ್‌ನಿಂದ ದೂರ ಇದೆ. ಬ್ಯಾಕ್ ಪ್ಲೇಟ್ (ಡ್ರಮ್ ಹಿಂಬದಿಯ ತಗಡು) ಹಿಂದೆ ಆರು ಮೂಲೆಯ ಎರಡು ತಲೆ ಇರುತ್ತವೆ, ಅವುಗಳ ಒಳಗೆ ಶೂವನ್ನು ಹೊರಗೆ ದೂಡುವ ಕ್ಯಾಮ್. ಚಕ್ರ ಎತ್ತಿ, ತಿರುಗಿಸುತ್ತಾ ಒಂದನ್ನು ಬಿಗಿ ಮಾಡಿ. ಚಕ್ರ ನಿಂತ ಮೇಲೆ ಸ್ವಲ್ಪ ವಾಪಸ್ ಬಿಡಿ, ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವ ಶೂ ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ಆಮೇಲೂ ಪೆಡಲ್ ಸ್ಪಂಜಿನ ಹಾಗಿದ್ದರೆ ಲೈನಿನಲ್ಲಿ ಏರ್ ಇದೆಯಾ ನೋಡಿಸಿ.

ಬೀಟಲ್ ಬೆಂಗಳೂರು: ಸಾರ್, ಬೀಟಲ್‌ನಲ್ಲಿ ಸ್ಟಾರ್ ವ್ಹೀಲ್ (ಶೂ ಸರಿಸುವ ಹಲ್ಲಿನ ಚಕ್ರ) ತಿರುಗಿಸುವ ತೂತು ಎಲ್ಲಿರುತ್ತದೆ? ಸ್ಕ್ರೂಡ್ರೈವರ್ ಸಾಕಾ?

ಮೇಸ್ತ್ರಿ: ಹಳೆಯದಾದರೆ ಡ್ರಮ್ ಮುಖದಲ್ಲಿ, ಆಮೇಲೆ ಬಂದದ್ದಾದರೆ ಬ್ಯಾಕ್ ಪ್ಲೇಟಿನಲ್ಲಿ, ರಬ್ಬರ್ ಮುಚ್ಚಳದ ಹಿಂದೆ. ಒಂದು ಚಕ್ರಕ್ಕೆ ಎರಡು ಸ್ಟಾರ್, ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಸ್ಕ್ರೂಡ್ರೈವರ್ ಜಾರಿದರೆ ಹಲ್ಲು ಹೋಗುತ್ತದೆ. ಬಾಗಿದ ಬ್ರೇಕ್ ಸ್ಪೂನ್ ತೆಗೆದುಕೊಳ್ಳಿ.

ಅಂಬಿ ದಾವಣಗೆರೆ: ನಮಗೊಂದು ಮೆಸೇಜ್ ಬಂದಿದೆ. ರಿವರ್ಸ್‌ನಲ್ಲಿ ಹತ್ತು ಸಲ ಜೋರಾಗಿ ಬ್ರೇಕ್ ಹೊಡೆದರೆ ಡ್ರಮ್ ತಾನಾಗಿಯೇ ಅಡ್ಜಸ್ಟ್ ಆಗುತ್ತದಂತೆ. ನನ್ನದು 1972ರ ಅಂಬಾಸಿಡರ್.

ಮೇಸ್ತ್ರಿ: ಅದಕ್ಕೆ ಬೇಕಾದ ಲಿವರ್, ಕೇಬಲ್ ಡ್ರಮ್ ಒಳಗೆ ಇರುವ ಗಾಡಿಗೆ ಆಗುತ್ತದೆ. ನಿಮ್ಮದರಲ್ಲಿ ಇಲ್ಲ.

ಹೆರಾಲ್ಡ್ ಉಡುಪಿ: ಮೇಸ್ತ್ರಿಯವರೇ, ಸ್ಟ್ಯಾಂಡರ್ಡ್ ಹೆರಾಲ್ಡ್. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದರೂ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಕೇಬಲ್ ಎಳೆಯಬೇಕಾ, ಮೊದಲು ಶೂ ನೋಡಬೇಕಾ?

ಡಾಡ್ಜ್ ಮೈಸೂರು: 1951ರ ಡಾಡ್ಜ್ ಕಿಂಗ್ಸ್‌ವೇ, ತಾತನದ್ದು. ಬಾಂಬೆಯಲ್ಲಿ ಪ್ರೀಮಿಯರ್ ಕಂಪನಿಯವರು ಜೋಡಿಸಿದ್ದು. ಹೋದ ತಿಂಗಳು ನಾಲ್ಕೂ ಚಕ್ರಕ್ಕೆ ಹೊಸ ಲೈನರ್ (ಶೂ ಮೇಲೆ ಡ್ರಮ್‌ಗೆ ಉಜ್ಜುವ ಪಟ್ಟಿ) ಹೊಡೆಸಿದೆ. ಈಗ ಬ್ರೇಕ್ ತುಳಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಕ್ಯಾಮ್ ಎಷ್ಟು ಬಿಗಿ ಮಾಡಿದರೂ ಪೆಡಲ್ ಮೆತ್ತಗೆ. ಇನ್ನೂ ಬಿಗಿ ಮಾಡಿದರೆ ಎರಡು ಕಿಲೋಮೀಟರಿಗೆ ಸುಟ್ಟ ವಾಸನೆ. ಮೂರು ಸಲ ಏರ್ ತೆಗೆಸಿದ್ದೇನೆ. ಭಾನುವಾರ ಬೆಟ್ಟಕ್ಕೆ ಹೋಗಬೇಕು ಅಂತಿದ್ದೇವೆ.

ಮೇಸ್ತ್ರಿ: ಲೈನರ್ ಹಾಕಿದವರು ಹಿಂದಿನ ನಟ್ಟುಗಳಲ್ಲಿ ಯಾವುದನ್ನು ಬಿಚ್ಚಿದರು? ಕ್ಯಾಮ್‌ನದ್ದಾ, ಶೂ ಹಿಮ್ಮಡಿ, ಅಂದರೆ ಸಿಲಿಂಡರ್ ತಳ್ಳದ ತುದಿ, ಕೂರುವ ದೊಡ್ಡ ಬೋಲ್ಟಿನದ್ದಾ?

ಡಾಡ್ಜ್ ಮೈಸೂರು: ಎಲ್ಲವನ್ನೂ. ಜಂಗು ಹಿಡಿದಿತ್ತು ಅಂತ ದೊಡ್ಡದನ್ನೂ ಬಿಚ್ಚಿ ಎಣ್ಣೆ ಹಾಕಿ ಕಟ್ಟಿದರು.

ಮೇಸ್ತ್ರಿ: ಹಾಗಾದರೆ ಅಲ್ಲೇ ಇದೆ. ಬೆಟ್ಟ ಮರೆತುಬಿಡಿ, ಇದು ಸರಿಯಾಗುವ ತನಕ ಗಾಡಿ ಗೇಟ್ ದಾಟಬಾರದು.

ಆ ಕಾಲದ ಕ್ರೈಸ್ಲರ್ ಗಾಡಿಗಳಲ್ಲಿ, ಅಂದರೆ ಡಾಡ್ಜ್, ಪ್ಲಿಮತ್, ಡಿಸೋಟೋ, ಲಾಕ್‌ಹೀಡ್ ಬ್ರೇಕ್. ಅದಕ್ಕೆ ಎರಡು ಥರದ ಅಡ್ಜಸ್ಟ್‌ಮೆಂಟ್. ನೀವು ತಿರುಗಿಸುತ್ತಿರುವ ಕ್ಯಾಮ್ ಚಿಕ್ಕದು. ಅದು ಶೂ ಬೆರಳನ್ನು, ಅಂದರೆ ಸಿಲಿಂಡರ್ ತಳ್ಳುವ ತುದಿಯನ್ನು, ಹೊರಗೆ ದೂಡುತ್ತದೆ ಅಷ್ಟೇ. ಹಿಮ್ಮಡಿಯ ಬೋಲ್ಟ್ ದೊಡ್ಡದು. ಅದು ನೇರ ಬೋಲ್ಟ್ ಅಲ್ಲ, ಮಧ್ಯೆ ಓರೆ ಇದೆ. ತಿರುಗಿಸಿದರೆ ಇಡೀ ಶೂ ಜಾಗ ಬದಲಿಸುತ್ತದೆ. ಅದನ್ನು ಬಿಚ್ಚಿ ಸುಮ್ನೆ ಕಟ್ಟಿದರೆ ಶೂ ಡ್ರಮ್‌ನ ನಡುವೆ ಕೂರುವುದಿಲ್ಲ, ಒಂದು ಕಡೆ ಮಾತ್ರ ತಾಗುತ್ತದೆ. ತುಳಿದಾಗ ತಾಗದ ಕಡೆ ಶೂ ಬಾಗುತ್ತದೆ. ಆ ಬಾಗುವುದೇ ನಿಮಗೆ ಮೆತ್ತಗಿನ ಪೆಡಲ್. ಥೇಟ್ ಏರ್ ಇದ್ದ ಹಾಗೆಯೇ ಅನಿಸುತ್ತದೆ. ಹಾಗಾಗಿ ಎಲ್ಲರೂ ಏರ್ ತೆಗೆಯುತ್ತಾ ಕೂರುತ್ತಾರೆ.

ಅಳತೆ: ಹಿಮ್ಮಡಿ ಹತ್ತಿರ ಲೈನರ್‌ಗೂ ಡ್ರಮ್‌ಗೂ ನಡುವೆ 6 ಥೌ, ಬೆರಳ ಹತ್ತಿರ 12 ಥೌ. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಮಿಲಿಮೀಟರ್ ಲೆಕ್ಕದಲ್ಲಿ 0.15 ಮತ್ತು 0.30. ಡ್ರಮ್ ಹಾಕಿದ ಮೇಲೆ ಒಳಗೆ ಕಾಣುವುದಿಲ್ಲ, ಅಳೆಯುವುದು ಹೇಗೆ ಎಂದು ಕೇಳುತ್ತೀರಿ. ಅದಕ್ಕೆ ಆ ಕಾಲದಲ್ಲೇ ಬೇರೆ ಗೇಜ್ ಇತ್ತು. ಸ್ಪಿಂಡಲ್ ಮೇಲೆ ಕೂರಿಸಿ ಸುತ್ತಿಸಿದರೆ ಅದರ ಮುಳ್ಳು ಲೈನರ್ ಮೇಲೆ ಓಡುತ್ತದೆ. ನಾನು ಕೆಲಸ ಕಲಿತ ಬೆಂಗಳೂರಿನ ಜೆ.ಸಿ. ರೋಡ್ ಗ್ಯಾರೇಜಿನಲ್ಲಿ ಅದು ಇರಲಿಲ್ಲ. ನಮ್ಮ ದೊಡ್ಡ ಮೇಸ್ತ್ರಿ ಗುಜರಿ ಡ್ರಮ್ ಒಂದರ ಮುಖದಲ್ಲಿ, ಅಂಚಿನ ಹತ್ತಿರ, ಕಿಟಕಿ ಕೊರೆದು ಗೋಡೆಗೆ ನೇತು ಹಾಕಿದ್ದರು. ಅದನ್ನು ಹಾಕಿ, ಕಿಟಕಿಯೊಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ, ಡ್ರಮ್ ತಿರುಗಿಸುತ್ತಾ ಹಿಮ್ಮಡಿ, ಬೆರಳು ಎರಡೂ ಕಡೆ ನೋಡುತ್ತಿದ್ದೆವು. ಆದರೆ ಆ ಗುಜರಿ ಡ್ರಮ್‌ನ ಒಳ ಅಳತೆ ನಿಮ್ಮ ಡ್ರಮ್‌ಗೆ ಸಮ ಇರಬೇಕು. ಇಲ್ಲದಿದ್ದರೆ ಅಳೆದದ್ದೆಲ್ಲ ಸುಳ್ಳು.

ಹಿಮ್ಮಡಿ ಬೋಲ್ಟಿನ ಲಾಕ್ ನಟ್ ಸ್ವಲ್ಪ ಸಡಿಲಿಸಿ. ಬೋಲ್ಟಿನಲ್ಲಿ 6, ಕ್ಯಾಮ್‌ನಲ್ಲಿ 12 ತನ್ನಿ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ, ನಾಲ್ಕೈದು ಸಲ ಹಿಂದೆ ಮುಂದೆ ಆಗುತ್ತದೆ. ನಟ್ ಬಿಗಿ ಮಾಡುವಾಗ ಬೋಲ್ಟ್ ಜೊತೆಗೇ ತಿರುಗುತ್ತದೆ, ಗಟ್ಟಿಯಾಗಿ ಹಿಡಿದುಕೊಳ್ಳಿ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಡ್ರಮ್ ಲೇತ್‌ಗೆ ಕೊಟ್ಟಿದ್ದರೆ ಲೈನರನ್ನೂ ಆ ಸುತ್ತಳತೆಗೆ ಉಜ್ಜಿಸಿರಬೇಕು. ಕೊಟ್ಟಿದ್ರಾ?

ಅಂಬಿ ದಾವಣಗೆರೆ: ಇನ್ನೊಂದು ಬಂದಿದೆ: "ಡ್ರಮ್ ಕೀರಲು ಶಬ್ದಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ. ಧೂಳಿದ್ದರೆ ಕಂಪ್ರೆಸರ್‌ನಿಂದ ಊದಿ. ಎಲ್ಲರಿಗೂ ಕಳಿಸಿ."

ಮೇಸ್ತ್ರಿ: ಯಾರಿಗೂ ಕಳಿಸಬೇಡಿ. ಲೈನರ್ ಎಣ್ಣೆ ಕುಡಿದರೆ ಮುಗಿಯಿತು. ಪೆಟ್ರೋಲಿನಲ್ಲಿ ತೊಳೆದರೂ, ಬೆಂಕಿ ಕೊಟ್ಟು ಸುಟ್ಟರೂ ಹೋಗುವುದಿಲ್ಲ, ಬಿಸಿ ಆದಾಗ ಮತ್ತೆ ಮೇಲೆ ಬರುತ್ತದೆ. ಧೂಳನ್ನಂತೂ ಊದಲೇಬೇಡಿ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕವರ್‌ನಲ್ಲಿ ಕಟ್ಟಿ ಬಿಸಾಡಿ.

ಅಂಬಿ ದಾವಣಗೆರೆ: ಮಾಹಿತಿಗೆ ಹಾಕಿದೆ ಸ್ವಾಮಿ. ಬೈಯುವುದು ಯಾಕೆ?

ಪ್ಲಿಮತ್ ಡೆಟ್ರಾಯಿಟ್: ಮೇಸ್ತ್ರಿಯವರು ಹೇಳಿದ ಗೇಜ್ ಆಮ್ಕೊ 1750. ನನ್ನ ಹತ್ತಿರ ಇದೆ. ಅದಿಲ್ಲದೆ ಈ ಬ್ರೇಕ್ ಮುಟ್ಟಬಾರದು. ಡ್ರಮ್ ಕೊರೆಯುವುದೆಲ್ಲ ಜುಗಾಡ್.

ಬೀಟಲ್ ಬೆಂಗಳೂರು: ಅದನ್ನು ಮೈಸೂರಿಗೆ ನೀವೇ ಕಳಿಸಿಕೊಡಿ ಹಾಗಾದ್ರೆ 😀 ಸುಮ್ನೆ ಮುಂದೆ ಡಿಸ್ಕ್ ಹಾಕಿಸಿ ಸಾರ್, ತಲೆನೋವು ಹೋಯ್ತು.

ಪ್ಲಿಮತ್ ಡೆಟ್ರಾಯಿಟ್: ಡಿಸ್ಕ್ ಹಾಕಿದ ಮೇಲೆ ಅದು ವಿಂಟೇಜ್ ಹೇಗೆ?

ಬೀಟಲ್ ಬೆಂಗಳೂರು: ಮರಕ್ಕೆ ಗುದ್ದಿದ ಮೇಲೆ ಪೂರ್ತಿ ವಿಂಟೇಜ್ ಅಲ್ವಾ.

ಪದ್ಮಿನಿ ಹಾಸನ: ಇಬ್ಬರೂ ಬೇರೆ ಕಡೆ ಜಗಳ ಆಡಿ, ಕಲಿಯೋಕೆ ಬಂದಿದ್ದೇವೆ.

ಪ್ಲಿಮತ್ ಡೆಟ್ರಾಯಿಟ್: ಬೀಟಲ್‌ನವರು ಮೊದಲು ತೂತು ಹುಡುಕಿಕೊಳ್ಳಲಿ.

ಪದ್ಮಿನಿ ತುಮಕೂರು: ಸಾರ್ ನಮಸ್ತೆ, ಪದ್ಮಿನಿಯಲ್ಲಿ ಬ್ರೇಕ್ ಎಲ್ಲಿ ಟೈಟ್ ಮಾಡುವುದು?

ಮೇಸ್ತ್ರಿ: ಮೇಲೆ ಓದಿ.

ಹೆರಾಲ್ಡ್ ಉಡುಪಿ: ಹೆರಾಲ್ಡ್ ಹ್ಯಾಂಡ್ ಬ್ರೇಕ್ ಬಗ್ಗೆ ಕೇಳಿದ್ದೆ.

ಡಾಡ್ಜ್ ಮೈಸೂರು: ಡ್ರಮ್ ಲೇತ್‌ಗೆ ಕೊಟ್ಟಿಲ್ಲ. ಗುಜರಿ ಡ್ರಮ್ ಹುಡುಕಿಸುತ್ತೇನೆ. ಅಂದಹಾಗೆ ನಿನ್ನೆ ಹಿಂದಿನ ಎಡ ಚಕ್ರ ಎತ್ತಿದಾಗ ಗಾಡಿ ಒಂದು ಅಡಿ ಮುಂದೆ ಬಂತು, ಜಾಕಿ ವಾಲಿತು. ಹ್ಯಾಂಡ್ ಬ್ರೇಕ್ ಹಾಕಿದ್ದೆ, ಗೇರ್‌ನಲ್ಲೂ ಇತ್ತು. ಹ್ಯಾಂಡ್ ಬ್ರೇಕ್ ಕೂಡ ಸವೆದಿರಬೇಕು ಅಲ್ವಾ?

ಮೇಸ್ತ್ರಿ: ಸವೆದಿಲ್ಲ! ಎಲ್ಲರೂ ಒಂದು ನಿಮಿಷ ಸುಮ್ಮನಿರಿ.

ಆ ಗಾಡಿಯ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ. ಗೇರ್‌ಬಾಕ್ಸ್ ಹಿಂದೆ, ಶಾಫ್ಟ್ ಮೇಲೆ ಒಂದೇ ಡ್ರಮ್. ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟ್ ನಿಂತಿದ್ದರೂ ಒಂದು ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಶಿಯಲ್ (ಶಾಫ್ಟಿನ ತಿರುವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್) ಅದನ್ನು ಉಲ್ಟಾ ತಿರುಗಲು ಬಿಡುತ್ತದೆ, ನೆಲದಲ್ಲಿರುವುದು ಮುಂದೆ ಉರುಳುತ್ತದೆ. ಗೇರ್ ಹಾಕಿದರೂ ಹಿಡಿಯುವುದು ಅದೇ ಶಾಫ್ಟ್, ಉಪಯೋಗವಿಲ್ಲ. ನೀವು ಕೆಳಗೆ ಮಲಗಿದ್ದಿದ್ದರೆ? ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಕಟ್ಟೆ ಕೊಡಿ. ಸಮ ನೆಲದಲ್ಲಿ ಮಾಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಇಟ್ಟಿಗೆ ಬೇಡ. ಜಾಕಿ ಎತ್ತುವುದಕ್ಕೆ ಮಾತ್ರ.

ಇನ್ನೆರಡು. ಎಡಗಡೆ ಚಕ್ರದ ಬೋಲ್ಟ್ ಉಲ್ಟಾ ಥ್ರೆಡ್, ಪೈಪ್ ಹಾಕಿ ಮುರಿಯಬೇಡಿ. ಹಿಂದಿನ ಡ್ರಮ್ ಆಕ್ಸಲ್ ಮೇಲೆ ಟೇಪರ್‌ನಲ್ಲಿ, ಅಂದರೆ ತುದಿಗೆ ಸಣ್ಣದಾಗುತ್ತಾ ಹೋಗುವ ಭಾಗದಲ್ಲಿ, ಕಚ್ಚಿರುತ್ತದೆ. ಸುತ್ತಿಗೆ ಬೇಡ, ಹಬ್ ಪುಲ್ಲರ್ ಬೇಕು. ಆಕ್ಸಲ್ ನಟ್ ನಾಲ್ಕೈದು ಸುತ್ತು ಸಡಿಲಿಸಿ ಅಲ್ಲೇ ಬಿಡಿ, ಪೂರ್ತಿ ತೆಗೆದರೆ ಡ್ರಮ್ ಬಿಟ್ಟಾಗ ಹಾರಿ ಬರುತ್ತದೆ.

ಅಂಬಿ ದಾವಣಗೆರೆ: ನಮ್ಮೂರಲ್ಲಿ ಸುತ್ತಿಗೆಯಲ್ಲೇ ತೆಗೆಯುತ್ತಾರೆ, ಏನೂ ಆಗಿಲ್ಲ.

ಮೇಸ್ತ್ರಿ: ಡ್ರಮ್ ಬಾಗಿದರೆ ಅವರು ಕೊಡಿಸುತ್ತಾರಾ?

ಡಾಡ್ಜ್ ಮೈಸೂರು: ಕಟ್ಟೆ ಕೊಟ್ಟು ಟಾರ್ಚ್ ಹಿಡಿದು ಪಕ್ಕದಿಂದ ನೋಡಿದೆ. ಹಿಮ್ಮಡಿ ಬೋಲ್ಟಿನ ತುದಿಯಲ್ಲಿ ಗುರುತು ಇದೆ. ಮುಂದೆ ಎಡದಲ್ಲಿ ಒಂದು ಥರ, ಬಲದಲ್ಲಿ ಇನ್ನೊಂದು ಥರ ತಿರುಗಿವೆ.

ಮೇಸ್ತ್ರಿ: ಕೈಗೆ ಬಂದ ಹಾಗೆ ಕಟ್ಟಿದ್ದಾರೆ. ಎಡಕ್ಕೆ ಎಳೆಯುವುದು ಅಲ್ಲಿಂದಲೇ ಇರಬೇಕು. ಈಗಿರುವ ಗುರುತಿನ ಫೋಟೋ ತೆಗೆದಿಟ್ಟುಕೊಂಡು ಹಗಲಲ್ಲಿ ಮಾಡಿ, ರಾತ್ರಿ ಬೇಡ. ಆಮೇಲೂ ಎಳೆದರೆ ಮುಂದಿನ ರಬ್ಬರ್ ಹೋಸ್ ನೋಡೋಣ. ಒಳಗೆ ಊದಿಕೊಂಡಿದ್ದರೆ ಆಯಿಲ್ ವಾಪಸ್ ಬಿಡುವುದಿಲ್ಲ. ಶೂ ಬಿಸಿಯಾಗಿ ಹಿಡಿದುಕೊಂಡಾಗ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ. ಚಕ್ರ ಬಿಟ್ಟರೆ ತೊಂದರೆ ಆಯಿಲ್ ಲೈನಿನಲ್ಲಿ, ಬಿಡದಿದ್ದರೆ ಶೂನಲ್ಲಿ. ಊಟಕ್ಕೆ ಕರೆಯುತ್ತಿದ್ದಾರೆ, ಹೊರಟೆ.

ಹೆರಾಲ್ಡ್ ಉಡುಪಿ: ಮೇಸ್ತ್ರಿಯವರೇ, ನನ್ನದು?

ಪದ್ಮಿನಿ ತುಮಕೂರು: ಮೇಲೆ ಎಲ್ಲಿ ಓದಬೇಕು ಸಾರ್?

ಅಡ್ಮಿನ್: ಬೆಳಿಗ್ಗೆ ತನಕ ಗುಂಪು ಮುಚ್ಚಿದ್ದೇನೆ. ಕೊಬ್ಬರಿ ಎಣ್ಣೆ ಮೆಸೇಜ್ ಅಳಿಸಿದ್ದೇನೆ.