ಅಪ್‌ಡೇಟ್: 14ರ ಬೌಲರ್ ಹುಡುಗನ ಸೊಂಟನೋವಿಗೆ ಕಾರಣ ಸಿಕ್ಕಿತು (ದಾವಣಗೆರೆ)

ಬೌಲಿಂಗ್ ಮಾಡುವಾಗ, ಹಿಂದಕ್ಕೆ ಬಾಗಿದಾಗ ಮಗನಿಗೆ ಸೊಂಟದ ಎಡಭಾಗ ನೋಯುತ್ತೆ ಅಂತ ಹಿಂದೆ ಇಲ್ಲಿ ಬರೆದು ಸಲಹೆ ಕೇಳಿದ್ದೆ. ಎಕ್ಸ್‌-ರೇ ನಾರ್ಮಲ್ ಬಂದಿತ್ತು. "ಅಷ್ಟಕ್ಕೇ ಬಿಡಬೇಡಿ, ಎಂಆರ್‌ಐ ಮಾಡಿಸಿ" ಅಂದವರ ಮಾತೇ ನಿಜವಾಯ್ತು: ಸ್ಪಾಂಡಿಲೊಲೈಸಿಸ್. ಅಂದರೆ ಸೊಂಟದ ಐದನೇ ಕಶೇರುವಿನ (ಬೆನ್ನುಮೂಳೆಯ ಮಣಿಯ) ಹಿಂಬದಿಯ ತೆಳು ಮೂಳೆಯಲ್ಲಿ ಒತ್ತಡದ ಬಿರುಕು. ಬೌಲಿಂಗ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗಿ ತಿರುಚಿದಾಗಲೆಲ್ಲ ಆ ಜಾಗಕ್ಕೇ ಏಟು. ಶುರುವಿನ ಬಿರುಕು ಎಕ್ಸ್‌-ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಮೂಳೆಯೊಳಗಿನ ಊತ ಕಾಣುತ್ತೆ.

ನೀವು ಹೇಳಿದ ಬೇರೆ ಸಲಹೆಗಳ ಬಗ್ಗೆ: ಎಣ್ಣೆ ಮಾಲೀಶಿನಿಂದ ಒಂದು ಗಂಟೆ ಹಾಯೆನಿಸಿತು, ಅಷ್ಟೇ. ಭುಜಂಗಾಸನ, ಚಕ್ರಾಸನದಿಂದ ನೋವು ಹೆಚ್ಚಾಯ್ತು. ಬಿರುಕಿರುವಾಗ ಹಿಂದಕ್ಕೆ ಬಾಗಿಸುವ ಆಸನ ದಯವಿಟ್ಟು ಬೇಡ. ಕೆಲವರು ಊಹಿಸಿದಂತೆ ಸ್ಕೂಲ್ ಬ್ಯಾಗ್ ಭಾರ ಕಾರಣವಾಗಿರಲಿಲ್ಲ.

ಬೌಲಿಂಗ್, ಓಟ ಸುಮಾರು 3 ತಿಂಗಳು ಬಂದ್. ಪೂರ್ತಿ ಮಲಗಿಸಿಡಬೇಕಿಲ್ಲ, ಶಾಲೆಗೆ ಹೋಗ್ತಾನೆ. ಬಿಡುವು ಕೊಟ್ಟ ಹತ್ತೇ ದಿನಕ್ಕೆ ನೋವು ಅರ್ಧ ಇಳಿದಿದೆ. ಆದರೆ ನೋವು ಹೋದದ್ದೇ ಮೂಳೆ ಕೂಡಿದ್ದರ ಗುರುತಲ್ಲ ಅನ್ನೋದು ನನಗೆ ಹೊಸ ವಿಷಯ. ಅಚ್ಚರಿ ಇನ್ನೊಂದು: ತೊಡೆಯ ಹಿಂಬದಿ ಸ್ನಾಯು ಬಿಗಿಯಾಗಿತ್ತು. ಅದನ್ನು ಸಡಿಲಿಸಲು ಅಂಗಾತ ಮಲಗಿ, ಪಾದಕ್ಕೆ ಟವೆಲ್ ಹಾಕಿ ಕಾಲೆತ್ತಿ 30 ಸೆಕೆಂಡ್, ಪ್ರತಿ ಕಾಲಿಗೆ 3 ಸಲ. ಹೊಟ್ಟೆ ಸ್ನಾಯುವಿನ ವ್ಯಾಯಾಮ ಫಿಸಿಯೋ ಹೇಳಿದಂತೆ.

ರಾತ್ರಿ ಎಬ್ಬಿಸುವ ನೋವು, ಜ್ವರ, ಕಾಲಿನ ಬಲಹೀನತೆ, ಮೂತ್ರದ ಹತೋಟಿ ತಪ್ಪುವುದು ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಓಡಿ.