ಜೀವಂತ ಎರೆ: ಕೊಳ್ಳೋದೋ, ಹಿಡಿಯೋದೋ? ಅನುಭವ ಇದ್ದವರು ಹೇಳಿ

ಹೊಸಗಾಳ: ಭಾನುವಾರ ಗಾಳ ಹಾಕಿ ಮೀನು ಹಿಡಿಯೋಕೆ ಗೊರೂರು ಹಿನ್ನೀರಿಗೆ ಹೊರಟಿದ್ದೇವೆ, ನಾನು ಮತ್ತು ತಂಗಿ ಮಗ. ಬೆಂಗಳೂರಿನಿಂದ ಕಾರಲ್ಲಿ ಸುಮಾರು ನಾಲ್ಕು ಗಂಟೆ ದಾರಿ. ಅನುಮತಿ ವಿಚಾರ ಆಗಲೇ ನೋಡಿಕೊಂಡಿದ್ದೀವಿ. ಮರಲ್ (ಹಾವುತಲೆ ಮೀನು), ಜಿಲೇಬಿ (ತಿಲಾಪಿಯಾ ಮೀನು) ಬಿದ್ದರೆ ಸಾಕು. ಎರೆಗೆ 500 ರೂಪಾಯಿ ತೆಗೆದಿಟ್ಟಿದ್ದೀನಿ. ಬೆಂಗಳೂರಲ್ಲೇ ಕೊಂಡು ಹೋಗೋದಾ, ಅಲ್ಲೇ ಹೋಗಿ ಹಿಡಿಯೋದಾ?

ಗೊಬ್ಬರದಗುಂಡಿ: ಎರೆಹುಳು ಬಿಟ್ಟು ಬೇರೆ ಯೋಚನೆಯೇ ಬೇಡ. ಎರೆಗೊಬ್ಬರ ಮಾಡೋರ ಹತ್ರ ಕಾಲು ಕೆಜಿ ಹುಳುಗೆ ನಾನು ಕೊಡೋದು 120 ರೂಪಾಯಿ, ಇಬ್ಬರಿಗೆ ಇಡೀ ದಿನ ಸಾಕಾಗಿ ಮಿಗುತ್ತೆ. ಆದರೆ ಯಾವ ಹುಳು ಅಂತ ನೋಡಿ ತಗೊಳ್ಳಿ. ಗೊಬ್ಬರದವರ ಹತ್ರ ಸಾಮಾನ್ಯವಾಗಿ ಎರಡು ಜಾತಿ. ಒಂದು ಕೆಂಪು ಹುಳು, ಐಸೀನಿಯಾ, ಮೈಮೇಲೆ ಹಳದಿ ಪಟ್ಟೆ ಇರುತ್ತೆ. ಗಾಳ ಚುಚ್ಚಿದ ತಕ್ಷಣ ಹಳದಿ ರಸ ಬಿಡುತ್ತೆ, ಕೆಟ್ಟ ವಾಸನೆ. ಜಿಲೇಬಿ ಎಷ್ಟೋ ಸಲ ಅದನ್ನ ಮೂಸಿ ಬಿಟ್ಟು ಹೋಗುತ್ತೆ. ಇನ್ನೊಂದು ಯೂಡ್ರಿಲಸ್, ಆಫ್ರಿಕಾ ಮೂಲದ್ದು, ಗೇಣುದ್ದ, ನೇರಳೆ ಮಿಂಚು. ಗಾಳಕ್ಕೆ ಇದೇ ಸರಿ.

ಡಬ್ಬಿ ವಿಚಾರ. ಎರಡು ಲೀಟರ್ ಡಬ್ಬಿ, ಮುಚ್ಚಳಕ್ಕೆ ಸಣ್ಣ ಸೂಜಿತೂತು. ಒಳಗೆ ತೆಂಗಿನ ನಾರಿನ ಪುಡಿ, ಅದನ್ನ ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಉಪ್ಪು ತೆಗೆದಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ನಾಲ್ಕೈದು ಹನಿ ಮಾತ್ರ ಬೀಳಬೇಕು, ಧಾರೆ ಹರಿದರೆ ಹೆಚ್ಚಾಯ್ತು. ಹಸಿ ಸಗಣಿ ಹಾಕಲೇಬಾರದು. ಅದು ಬಿಸಿಯೇರಿ ಅಮೋನಿಯಾ ಬಿಡುತ್ತೆ, ಡಬ್ಬಿ ಮುಚ್ಚಿದರೆ ಸಂಜೆಯೊಳಗೆ ಎಲ್ಲಾ ಹುಳ ಲೋಳೆ. ಈರುಳ್ಳಿ ಸಿಪ್ಪೆ, ನಿಂಬೆ ಸಿಪ್ಪೆ, ಉಪ್ಪಿನ ಸಾರು ಸೋಕಿದ ಅನ್ನ, ಇವೂ ಬೇಡ. ಒಂದು ಸತ್ತರೆ ತಕ್ಷಣ ತೆಗೀರಿ, ಕೊಳೆತ ಜಾಗದಿಂದ ಉಳಿದವೂ ಸಾಯೋಕೆ ಶುರುವಾಗುತ್ತೆ.

ಕೊಳ್ಳೋಕೆ ಮನಸ್ಸಿಲ್ಲ ಅಂದ್ರೆ ಸಾಸಿವೆ ಪುಡಿ. ಲೀಟರ್ ನೀರಿಗೆ ಹತ್ತು ಗ್ರಾಂ ಕಲಸಿ, ಅಡಿಕೆ ತೋಟದ ನೆರಳಲ್ಲಿ ಎಲೆ ಸರಿಸಿ ನಿಧಾನಕ್ಕೆ ಸುರೀರಿ. ಐದು ನಿಮಿಷದೊಳಗೆ ಮೇಲೆ ಬರ್ತವೆ. ಬಂದ ತಕ್ಷಣ ಶುದ್ಧ ನೀರಲ್ಲಿ ಅದ್ದಿ ತೆಗೀಬೇಕು, ಇಲ್ಲಾಂದ್ರೆ ಸಾಸಿವೆ ಖಾರಕ್ಕೆ ಚರ್ಮ ಸುಟ್ಟು ಸಾಯ್ತವೆ. ಸೋಪಿನ ಪುಡಿ ಸುರಿಯೋರೂ ಇದ್ದಾರೆ. ಹುಳನೂ ಹಾಳು, ಮಣ್ಣೂ ಹಾಳು.

ಹಿನ್ನೀರಬದಿ: ಅವರು ಕೇಳಿದ್ದು ಮರಲ್! ಎರೆಹುಳು ಹಾಕಿದರೆ ಮರಲ್ ಬರೋ ಮೊದಲೇ ಸಸಲೆಯಂಥ ಸಣ್ಣ ಮೀನು, ಜಿಲೇಬಿ ಮರಿ ಕಿತ್ತು ತಿಂದು ಗಾಳ ಖಾಲಿ. ಮರಲ್‌ಗೆ ಬೇಕಾಗಿರೋದು ಬೆರಳುದ್ದದ ಜೀವಂತ ಮೀನು. ಅದು ದಂಡೆಯಲ್ಲೇ ಸಿಗುತ್ತೆ, ದುಡ್ಡು ಕೊಡೋದ್ಯಾಕೆ?

ಎರಡು ಲೀಟರ್ ಕೂಲ್ ಡ್ರಿಂಕ್ಸ್ ಬಾಟಲ್ ತಗೊಳ್ಳಿ. ಮುಚ್ಚಳ ಬಿಸಾಕಿ, ಭುಜದ ಹತ್ರ ಕತ್ತರಿಸಿ, ಕತ್ತನ್ನ ತಿರುಗಿಸಿ ಒಳಮುಖ ಸೇರಿಸಿ. ಅಂಚಿಗೆ ನಾಲ್ಕು ಕಡೆ ತೂತು ಮಾಡಿ ಸಣ್ಣ ತಂತಿಯಿಂದ ಬಿಗೀರಿ. ಟೇಪ್ ಸುತ್ತಿದರೆ ನೀರಲ್ಲಿ ಬಿಟ್ಟುಕೊಳ್ಳುತ್ತೆ. ಮೈಗೆಲ್ಲಾ ಕಾದ ಮೊಳೆಯಿಂದ ಮೂರು ಮಿಲಿಮೀಟರ್ ತೂತು, ಕನಿಷ್ಠ ನಲವತ್ತು. ಇದನ್ನ ಜಿಪುಣತನ ಮಾಡಿದರೆ ಒಳಗೆ ನೀರು ಆಡಲ್ಲ, ಸಿಕ್ಕ ಮೀನು ಉಸಿರುಗಟ್ಟಿ ಹೊಟ್ಟೆ ಮೇಲಾಗಿರುತ್ತೆ. ಒಳಗೆ ಒಂದು ಕಲ್ಲು, ನೆಲ್ಲಿಕಾಯಿ ಗಾತ್ರದ ಕಡಲೆಕಾಯಿ ಹಿಂಡಿ ಉಂಡೆ. ಹಿಂಡಿಯನ್ನ ಬರೀ ನೀರಲ್ಲಿ ಕಲಸಿದರೆ ಎರಡು ನಿಮಿಷಕ್ಕೆ ಕರಗುತ್ತೆ, ಕಾಲು ಭಾಗ ರಾಗಿ ಮುದ್ದೆ ಸೇರಿಸಿ ಮಿದ್ದಿರಿ. ಮೊಣಕಾಲುದ್ದ ನೀರು, ಜೊಂಡಿನ ಪಕ್ಕ. ಹಳ್ಳ ಸೇರೋ ಕಡೆ ಆದ್ರೆ ಬಾಯಿ ಹರಿವಿನ ಕೆಳಮುಖಕ್ಕಿರಲಿ, ವಾಸನೆ ಹಿಡಿದು ಮೇಲೇರಿ ಬರೋ ಮೀನು ನೇರ ಒಳಗೆ ಬರುತ್ತೆ. ಅರ್ಧ ಗಂಟೆಗೊಂದು ಸಲ ಎತ್ತಿ. ಬಿದಿರಿನ ಕೂಳಿ ಇದ್ದರೆ ಇನ್ನೂ ಒಳ್ಳೇದು, ಆದರೆ ಈಗ ಸಣ್ಣ ಕಣ್ಣಿನ ಕೂಳಿ ಹೆಣೆದು ಕೊಡೋರು ಸಿಗೋದೇ ಕಷ್ಟ.

ಸಸಲೆಯನ್ನ ಬೆನ್ನಿನ ರೆಕ್ಕೆ ಹಿಂದೆ, ಬೆನ್ನುಮೂಳೆಯ ಮೇಲಿನ ಮಾಂಸದಲ್ಲಿ ಚುಚ್ಚಿ. ಮೂಳೆಗೆ ತಾಗಿದರೆ ಬಾಲ ಆಡೋದು ನಿಂತುಹೋಗುತ್ತೆ. ಗಾಳದ ಸೈಜು 1/0, ಅದರ ತಂತಿ ದಪ್ಪ ಇರಬಾರದು. ಜಿಲೇಬಿ ಮರಿ ಸಿಕ್ಕರೆ ಎರೆಗೆ ಕೊನೇ ಆಯ್ಕೆ, ಬೆನ್ನಿನ ಮುಳ್ಳು ನಿಗುರಿಸುತ್ತೆ.

ಮಲ್ನಾಡ್ ಮಂಜ: ಗೊಬ್ಬರದಗುಂಡಿಯವರೇ, ಹುಳು ಡಬ್ಬಿಯನ್ನ ಫ್ರಿಜ್‌ನಲ್ಲಿಡಿ ಅಂತ ಒಂದು ಮಾತು ಸೇರಿಸಬೇಕಿತ್ತು. ಹದಿನೈದು ದಿನ ಬರುತ್ತೆ.

ಗೊಬ್ಬರದಗುಂಡಿ: ದಯವಿಟ್ಟು ಇದನ್ನ ಹೇಳಬೇಡಿ! ಫ್ರಿಜ್ ತಡೆಯೋದು ಐಸೀನಿಯಾ. ಯೂಡ್ರಿಲಸ್ ಬಿಸಿನಾಡಿನ ಹುಳು, 25ರಿಂದ 30 ಡಿಗ್ರಿ ಅದಕ್ಕೆ ಹಿತ. ಫ್ರಿಜ್‌ನಲ್ಲಿಟ್ಟರೆ ಮಾರನೇ ಬೆಳಿಗ್ಗೆ ದಾರದ ಹಾಗೆ ಬಿದ್ದಿರುತ್ತೆ. ಜಾತಿ ನೋಡದೆ ಎಲ್ಲಾ ಹುಳುಗೂ ಒಂದೇ ಸಲಹೆ ಕೊಟ್ಟರೆ ಹೊಸಬರ ದುಡ್ಡು ಹೋಗುತ್ತೆ.

ಮಲ್ನಾಡ್ ಮಂಜ: ನಮ್ಮ ಕಡೆ ಮಣ್ಣಲ್ಲಿ ಅಗೆದು ತೆಗೆದಿದ್ದು ಫ್ರಿಜ್‌ನಲ್ಲಿ ಚೆನ್ನಾಗೇ ಇರುತ್ತೆ. ದುಡ್ಡು ಕೊಟ್ಟು ಗೊಬ್ಬರದ ಹುಳು ತರೋರ ಸಮಸ್ಯೆ ನಮಗಿಲ್ಲ. ಮುರುಗೋಡಿಗೆ (ನಮ್ಮ ನಾಡಿನ ಮೀಸೆ ಮೀನು) ಮಣ್ಣಿನ ಹುಳವೇ ಸರಿ, ನಾಲ್ಕೈದು ಒಟ್ಟಿಗೆ ಪೋಣಿಸಬೇಕು.

ತೊಟ್ಟಿಮನೆ: ಅರ್ಧ ದಿನ ಬಾಟಲ್ ಕಾಯೋ ವ್ಯವಧಾನ ಎಲ್ಲರಿಗೂ ಇರಲ್ಲ. ನಾನು ಅಕ್ವೇರಿಯಂ ಅಂಗಡಿಯಿಂದಲೇ ತರೋದು, ನನಗೆ ಅದರಲ್ಲಿ ಪಶ್ಚಾತ್ತಾಪ ಇಲ್ಲ. ಲೆಕ್ಕ ಪೂರ್ತಿ ಹೇಳ್ತೀನಿ: ದೊಡ್ಡ ಮೀನಿಗೆ ಆಹಾರ ಅಂತ ಮಾರೋ ಸಣ್ಣ ಮೀನು ತಲಾ 6 ರೂಪಾಯಿಯಂತೆ ಮೂವತ್ತಕ್ಕೆ 180. ನೀರಿಗೆ ಗಾಳಿ ಊದೋ ಬ್ಯಾಟರಿ ಏರೇಟರ್ 380, ಅದರ ಎರಡು ದೊಡ್ಡ ಸೆಲ್ 120. ಕ್ಲೋರಿನ್ ತೆಗೆಯೋ ಹನಿ 60. ಪೇಂಟ್ ಬಕೆಟ್ ಹಳೇದು. ಒಟ್ಟು 740. ಮುಂದಿನ ಸಲಕ್ಕೆ ಮೀನು, ಸೆಲ್ ಮಾತ್ರ. ಎಷ್ಟೋ ಸಲ ಅಂಗಡಿಯವರು ರೋಗದ ಮೀನೇ ಪ್ಯಾಕ್ ಮಾಡ್ತಾರೆ. ರೆಕ್ಕೆ ಮುದುಡಿಕೊಂಡಿರೋದು, ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯೋದು ಇದ್ದ ತೊಟ್ಟಿಯಿಂದ ತಗೊಳ್ಳಲೇಬೇಡಿ.

ಸಾಯೋದು ಯಾಕೆ ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಆಯ್ತು. ಮೊದಲನೇದು ನಲ್ಲಿ ನೀರು, ಕ್ಲೋರಿನ್ ನೇರ ಕಿವಿರು ಸುಡುತ್ತೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ ಅಥವಾ ಹನಿ ಹಾಕಿ. ಎರಡನೇದು ಹೊಟ್ಟೆ ತುಂಬಿದ ಮೀನು. ದಾರಿಯಲ್ಲಿ ಹಿಕ್ಕೆ ಹಾಕಿ ನೀರಲ್ಲಿ ಅಮೋನಿಯಾ ಏರುತ್ತೆ. ಹಿಂದಿನ ದಿನ ಏನೂ ತಿನ್ನಿಸಬಾರದು. ಮೂರನೇದು ಬಿಸಿ. ನಿಂತ ಕಾರಿನ ಡಿಕ್ಕಿಯಲ್ಲಿ ಬಕೆಟ್ ಬಿಟ್ಟರೆ ಮುಗೀತು, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಥರ್ಮಾಕೋಲ್ ಡಬ್ಬಿಯೊಳಗೆ ಬಕೆಟ್ ಇಟ್ಟು, ಮುಚ್ಚಳ ಬಿಗಿಯಾದ ಅರ್ಧ ಲೀಟರ್ ಬಾಟಲ್‌ನಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿ ಬಿಡಿ. ಐಸ್ ನೇರ ಹಾಕಿದರೆ ಕ್ಲೋರಿನ್ ವಾಪಸ್ ಬಂತು. ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರ್‌ಗೆ ಮೂರು ಗ್ರಾಂ, ಪ್ರಯಾಣದ ಸುಸ್ತು ತಡೆಯುತ್ತೆ. ಇಪ್ಪತ್ತು ಲೀಟರ್ ಬಕೆಟ್‌ಗೆ ಗಾಳಿ ಇದ್ದರೆ ಬೆರಳುದ್ದದ್ದು ಇಪ್ಪತ್ತೈದು, ಗಾಳಿ ಇಲ್ಲದಿದ್ದರೆ ಎಂಟು. ಹಿನ್ನೀರಿಗೆ ಹೋದಮೇಲೆ ಅಲ್ಲಿನ ನೀರನ್ನ ಒಂದೊಂದು ಮಗ್ ಸೇರಿಸುತ್ತಾ ಇಪ್ಪತ್ತು ನಿಮಿಷ ಹೊಂದಿಸಿ.

ಹಿನ್ನೀರಬದಿ: 740 ರೂಪಾಯಿ ಎರೆಗೆ ಕೊಟ್ಟು ಅರ್ಧ ಕೆಜಿ ಜಿಲೇಬಿ ಹಿಡಿಯೋದು ಯಾವ ಲೆಕ್ಕ?

ತೊಟ್ಟಿಮನೆ: ಏರೇಟರ್ ನಿಮ್ಮ ಸಸಲೆಗೂ ಬೇಕು. ಹಿಡಿದದ್ದನ್ನ ಬರೀ ಬಕೆಟ್‌ನಲ್ಲಿಟ್ಟು ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಉಳಿಸಿಕೊಳ್ತೀರಿ?

ಹಿನ್ನೀರಬದಿ: ಬಕೆಟ್ ಯಾಕೆ? ಸೊಳ್ಳೆ ಪರದೆ ಚೀಲ ಹೊಲಿದು, ಬಾಯಿಗೆ ತಂತಿ ಬಳೆ ಹಾಕಿ, ನೆರಳಿರೋ ಕಡೆ ನೀರಲ್ಲೇ ಮುಳುಗಿಸಿಡಿ. ಸಂಜೆವರೆಗೂ ಜೀವಂತ.

ಕೆರೆಏರಿ: ಯಾರೂ ಕಪ್ಪೆ ಹೆಸರೇ ಎತ್ತಿಲ್ಲ. ಮರಲ್‌ಗೆ ಕಪ್ಪೆ ಮೀರಿಸಿದ ಎರೆ ಇಲ್ಲ, ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದರೆ ಗೋಂಕರಗಪ್ಪೆ ಮರಿ ಬೇಕಾದಷ್ಟು.

ಹಿನ್ನೀರಬದಿ: ಅದನ್ನ ಇಲ್ಲಿ ಹೇಳಿಕೊಡಬೇಡಿ. ಗೋಂಕರಗಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬರುತ್ತೆ, ಹಿಡಿಯೋದು ಅಪರಾಧ. ಕಪ್ಪೆ ಕಾಲಿನ ರಫ್ತನ್ನೇ 1987ರಲ್ಲಿ ನಿಲ್ಲಿಸಿದ್ದಾರೆ. ರಬ್ಬರ್ ಕಪ್ಪೆ ತಗೊಂಡು ಎಲೆ ಮೇಲಿಂದ ಎಳೀರಿ, ಗಾಳ ಮೇಲ್ಮುಖ ಇರೋದ್ರಿಂದ ತಾವರೆ ಎಲೆಗೂ ಸಿಕ್ಕಿಕೊಳ್ಳಲ್ಲ.

ಕೆರೆಏರಿ: ಊರಿನ ಹುಡುಗರೆಲ್ಲಾ ಹಾಗೇ ಹಿಡಿಯೋದು. ಅವರ ಮೇಲೂ ಕಾಯಿದೆ ಹಾಕ್ತೀರಾ?

ಗೊಬ್ಬರದಗುಂಡಿ: ಹುಡುಗರು ಹಿಡೀತಾರೆ ಅನ್ನೋದು ನಿಮಗೆ ಅನುಮತಿ ಆಗಲ್ಲ. ಗದ್ದೆಯಲ್ಲಿ ಹುಳು ತಿನ್ನೋ ಕಪ್ಪೆ ಕಡಿಮೆಯಾದ್ರೆ ಔಷಧಿ ಹೊಡೆಯೋ ಖರ್ಚು ರೈತನ ತಲೆಗೆ.

ರೇಷ್ಮೆನಾಡು: ಜಗಳ ಬಿಡಿ. ರಾಮನಗರ, ಶಿಡ್ಲಘಟ್ಟ ಕಡೆಯವರಿಗೆ ಇನ್ನೊಂದು ದಾರಿ ಇದೆ, ರೇಷ್ಮೆ ಹುಳು. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದು ನಾಲ್ಕೈದು ದಿನ ಆದ ಹುಳು ಬೆರಳುದ್ದ, ಮೆತ್ತಗೆ, ಬೆಳ್ಳಗೆ, ಕೆಸರು ನೀರಲ್ಲೂ ಎದ್ದು ಕಾಣುತ್ತೆ. ಗೂಡಿಗೆ ಹೋಗೋ ಒಳ್ಳೇ ಹುಳುವನ್ನ ಯಾರೂ ಮಾರಲ್ಲ. ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋವಾಗ ಹಿಂದೆ ಉಳಿದ ಸಣ್ಣವನ್ನ ಕೇಳಿ. ನಾನು ಕೊಡೋದು ಒಂದು ಲೋಟಕ್ಕೆ 50 ರೂಪಾಯಿ.

ಮೈ ಊದಿ, ಗೆಣ್ಣು ಗೆಣ್ಣಾಗಿ ಹೊಳೆಯೋ ಹುಳು ಬೇಡ, ಅದು ಹಾಲು ರೋಗದ್ದು. ಮುಟ್ಟಿದರೆ ಚರ್ಮ ಒಡೆದು ಬಿಳಿ ನೀರು ಬರುತ್ತೆ, ಗಾಳದಲ್ಲಿ ನಿಲ್ಲಲ್ಲ. ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ತಿಪ್ಪೆಗೆ ಎಸೆದದ್ದನ್ನ ಆರಿಸಿಕೊಂಡು ಬರಬೇಡಿ, ವಾಸನೆಗೆ ಮೀನು ಹತ್ರ ಸುಳಿಯಲ್ಲ. ತಲೆ ಹಿಂದಿನ ಚರ್ಮವನ್ನ ಮಾತ್ರ 6ನೇ ನಂಬರ್ ಸಣ್ಣ ತಂತಿ ಗಾಳದಲ್ಲಿ ಎತ್ತಿ ಹಿಡೀರಿ. ಹೊಟ್ಟೆಗೆ ಚುಚ್ಚಿದರೆ ಎರಡು ಸಲ ಬೀಸೋದರೊಳಗೆ ಬರೀ ಸಿಪ್ಪೆ ಉಳಿಯುತ್ತೆ. ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಹಿಪ್ಪುನೇರಳೆ ಎಲೆ ಹಾಕಿ ಒಯ್ಯಿರಿ, ಎಲೆ ಒದ್ದೆ ಇರಬಾರದು. ಇನ್ನೊಂದು, ಹುಳು ಮನೆ ಒಳಗೆ ಕಾಲಿಡಬೇಡಿ. ನಿಮ್ಮ ಚಪ್ಪಲಿಯಲ್ಲಿ ಇನ್ನೊಂದು ಮನೆಯ ರೋಗ ಬಂದರೆ ಆ ರೈತನ ಇಡೀ ಬೆಳೆ ಹೋಗುತ್ತೆ. ಬಾಗಿಲಲ್ಲೇ ನಿಂತು ತಗೊಳ್ಳಿ.

ತೊಟ್ಟಿಮನೆ: ರೇಷ್ಮೆ ಹುಳು ಜಿಲೇಬಿಗೆ ಸರಿ, ಮರಲ್ ದೊಡ್ಡದು ಬೇಕು ಅಂದ್ರೆ ಮೀನೇ. ಸಂಜೆ ಮಿಕ್ಕಿದ್ದನ್ನ ನಾನು ಹಿನ್ನೀರಿಗೇ ಬಿಟ್ಟು ಬರ್ತೀನಿ, ಪಾಪ ಬದುಕಿಕೊಳ್ಳಲಿ.

ಹಿನ್ನೀರಬದಿ: ಇದಕ್ಕೇ ನಾನು ಕೊಂಡ ಮೀನು ಬೇಡ ಅನ್ನೋದು! ಕೆರೆ ಕೆಡೋದು ಇಲ್ಲಿಂದಲೇ. ಜಿಲೇಬಿಯೂ ಹೊರಗಿಂದ ಬಂದದ್ದೇ, ಇವತ್ತು ಯಾವ ಕೆರೆಯಲ್ಲಿ ಇಲ್ಲ ಹೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಅಂತ ಕೇಂದ್ರ ಸರ್ಕಾರ 2000ದಲ್ಲೇ ಹೇಳಿದೆ, 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಹೇಳಿತು. ಆದರೂ ಎರೆಗೆ ಅದರ ಮರಿ ಮಾರೋರಿದ್ದಾರೆ. ಒಂದು ಜೋಡಿ ಉಳಿದರೆ ಸಾಕು, ನಮ್ಮ ಮುರುಗೋಡಿಗೆ ಜಾಗ ಇರಲ್ಲ.

ತೊಟ್ಟಿಮನೆ: ನಾನು ತರೋದು ಕ್ಯಾಟ್‌ಫಿಶ್ ಅಲ್ಲ, ಸಣ್ಣ ಮೀನು.

ಹಿನ್ನೀರಬದಿ: ಸಣ್ಣದಾದ್ರೂ ಅಂಗಡಿ ತೊಟ್ಟಿಯ ಹುಳು, ರೋಗ ಅದರ ಜೊತೆಗೇ ಬರುತ್ತೆ. ನೀರಿನ ಹನಿಯಲ್ಲೂ ಬರುತ್ತೆ. ಬಕೆಟ್ ನೀರನ್ನ ದಂಡೆಯಿಂದ ದೂರ ಒಣ ನೆಲಕ್ಕೆ ಚೆಲ್ಲಿ, ಮಿಕ್ಕ ಮೀನು ವಾಪಸ್ ಮನೆಗೆ. ಬಲೆ, ಬಕೆಟ್ ಎರಡನ್ನೂ ಬಿಸಿಲಲ್ಲಿ ಪೂರ್ತಿ ಒಣಗಿಸಿದ ಮೇಲೇ ಇನ್ನೊಂದು ಕೆರೆಗೆ ಇಳಿಸಬೇಕು. ಇಷ್ಟು ಮಾಡಕ್ಕಾಗಲ್ಲ ಅಂದ್ರೆ ಬೆಂಗಳೂರಿಂದ ಮೀನು ತರಬೇಡಿ.

ಮಲ್ನಾಡ್ ಮಂಜ: ಆ ಮಾತು ಆಫ್ರಿಕಾ ಎರೆಹುಳಿಗೂ ಅನ್ವಯಿಸುತ್ತೆ. ಮಿಕ್ಕ ಯೂಡ್ರಿಲಸ್‌ನ ತೋಟದ ಅಂಚಿಗೆ ಸುರಿದು ಹೋಗೋರನ್ನ ಬೇಕಾದಷ್ಟು ನೋಡಿದ್ದೀನಿ. ಗೊಬ್ಬರದಗುಂಡಿಯವರು ಅದಕ್ಕೆ ಉತ್ತರ ಕೊಡಲಿ.

ಗೊಬ್ಬರದಗುಂಡಿ: ಉತ್ತರ ಇದೆ. ಮಿಕ್ಕ ಹುಳು ಡಬ್ಬಿ ಸಮೇತ ವಾಪಸ್ ಗೊಬ್ಬರದ ತೊಟ್ಟಿಗೇ ಹೋಗುತ್ತೆ, ತೋಟಕ್ಕಲ್ಲ. ಮಾರಿದವರೇ ಎಷ್ಟೋ ಸಲ ವಾಪಸ್ ತಗೊಳ್ತಾರೆ. ನಿಮ್ಮ ಫ್ರಿಜ್ ಹುಳು ಎಲ್ಲಿ ಹೋಗುತ್ತೆ ಅಂತ ಮೊದಲು ಹೇಳಿ.